ಸ್ವಯಂಚಾಲಿತ ತಂತ್ರಾಂಶ ಪರೀಕ್ಷೆ

ಸ್ವಯಂಚಾಲಿತ ತಂತ್ರಾಂಶ ಪರೀಕ್ಷೆ ಎಂದರೆ ಒಂದು ತಂತ್ರಾಂಶವು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ಮನುಷ್ಯರ ಬದಲು ಇನ್ನೊಂದು ಕ್ರಮವಿಧಿಯಿಂದಲೇ ಪರಿಶೀಲಿಸುವ ವಿಧಾನ. ತಂತ್ರಾಂಶಕ್ಕೆ ಏನನ್ನು ಕೊಡಬೇಕು, ಅದರಿಂದ ಯಾವ ಉತ್ತರ ಬರಬೇಕು ಎಂಬುದನ್ನು ರಚನಕಾರರು ಮೊದಲೇ ಬರೆದಿಡುತ್ತಾರೆ. ಪರೀಕ್ಷಾ ಕ್ರಮವಿಧಿಯು ತಂತ್ರಾಂಶವನ್ನು ನಡೆಸಿ, ಬಂದ ಉತ್ತರವನ್ನು ಬರಬೇಕಾದ ಉತ್ತರದೊಡನೆ ಹೋಲಿಸುತ್ತದೆ. ಎರಡೂ ಒಂದೇ ಆಗಿದ್ದರೆ ಉತ್ತೀರ್ಣ, ಬೇರೆಯಾಗಿದ್ದರೆ ಅನುತ್ತೀರ್ಣ ಎಂದು ವರದಿ ಮಾಡುತ್ತದೆ. ಮಾದರಿ ಉತ್ತರವನ್ನು ಎದುರಿಗಿಟ್ಟುಕೊಂಡು ಉತ್ತರಪತ್ರಿಕೆ ತಿದ್ದುವ ಕ್ರಮಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಆದರೆ ಇಲ್ಲಿ ಸಾವಿರಾರು ಪ್ರಶ್ನೆಗಳನ್ನು ಕೆಲವೇ ನಿಮಿಷಗಳಲ್ಲಿ, ದಿನಕ್ಕೆ ಎಷ್ಟು ಬಾರಿ ಬೇಕಾದರೂ ತಿದ್ದಬಹುದು.

ಹೊಸ ದೋಷಗಳನ್ನು ಹುಡುಕುವುದೇ ಇದರ ಉದ್ದೇಶವೆಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಅದು ಅರ್ಧಸತ್ಯ. ನಿನ್ನೆ ಸರಿಯಾಗಿದ್ದದ್ದು ಇಂದಿನ ಬದಲಾವಣೆಯ ನಂತರವೂ ಸರಿಯಾಗಿಯೇ ಉಳಿದಿದೆಯೇ ಎಂದು ಪ್ರತಿ ಬಾರಿಯೂ ಖಚಿತಪಡಿಸಿಕೊಳ್ಳುವುದು ಇದರ ಮುಖ್ಯ ಪ್ರಯೋಜನ.

ಉದ್ದೇಶ

ಸೇತುವೆಯನ್ನೋ ಕಟ್ಟಡವನ್ನೋ ಕಟ್ಟಿ ಮುಗಿಸಿದ ಮೇಲೆ ಅದರ ಅಡಿಪಾಯವನ್ನು ವಾರಕ್ಕೊಮ್ಮೆ ಅಗೆದು ಬದಲಿಸುವವರಿಲ್ಲ. ತಂತ್ರಾಂಶದ ಪಾಡು ಹಾಗಲ್ಲ. ಬಳಕೆಯಲ್ಲಿರುವಷ್ಟು ಕಾಲವೂ ಅದು ಬದಲಾಗುತ್ತಲೇ ಇರಬೇಕಾಗುತ್ತದೆ. 2017ರ ಜುಲೈ 1ರಂದು ಭಾರತದಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ದೇಶದ ಲೆಕ್ಕಪತ್ರ ಮತ್ತು ಬಿಲ್ಲಿಂಗ್ ತಂತ್ರಾಂಶಗಳ ತೆರಿಗೆ ಲೆಕ್ಕಾಚಾರವನ್ನೇ ಬದಲಿಸಬೇಕಾಯಿತು. ಹೊಸ ಬಗೆಯ ಫೋನು ಬಂದರೆ, ಭದ್ರತೆಯಲ್ಲಿ ಲೋಪ ಕಂಡರೆ, ಬಳಕೆದಾರರು ಹೊಸ ಸೌಲಭ್ಯ ಕೇಳಿದರೆ ಮತ್ತೆ ತಿದ್ದುಪಡಿ ಮಾಡಲೇಬೇಕು.

ದೊಡ್ಡ ತಂತ್ರಾಂಶದ ಭಾಗಗಳು ಒಂದನ್ನೊಂದು ಆಶ್ರಯಿಸಿರುತ್ತವೆ. ಹೀಗಾಗಿ ಒಂದು ಮೂಲೆಯಲ್ಲಿ ಮಾಡಿದ ಸಣ್ಣ ತಿದ್ದುಪಡಿಯು ಯಾರೂ ಊಹಿಸದ ಇನ್ನೊಂದು ಮೂಲೆಯಲ್ಲಿ ಕೆಡುಕು ಉಂಟುಮಾಡಬಹುದು. ಮೊದಲು ಸರಿಯಾಗಿದ್ದ ಸೌಲಭ್ಯವು ಬದಲಾವಣೆಯ ಕಾರಣದಿಂದ ಕೆಡುವುದಕ್ಕೆ ತಂತ್ರಜ್ಞರು ರಿಗ್ರೆಶನ್ ಎನ್ನುತ್ತಾರೆ. ಇದನ್ನು ತಡೆಯಬೇಕಾದರೆ ಪ್ರತಿ ತಿದ್ದುಪಡಿಯ ನಂತರವೂ ಹಳೆಯದೆಲ್ಲವನ್ನೂ ಮತ್ತೆ ಪರಿಶೀಲಿಸಬೇಕು. ಐನೂರು ಸಂಗತಿಗಳನ್ನು ಕೈಯಾರೆ ಪರಿಶೀಲಿಸುವ ವ್ಯಕ್ತಿ ಮೊದಲ ಸಲ ಶ್ರದ್ಧೆಯಿಂದ ಮಾಡಬಹುದು. ಹತ್ತನೆಯ ಸಲ ಬೇಸರ ಬರುತ್ತದೆ, ಇಪ್ಪತ್ತನೆಯ ಸಲ ಕೆಲವನ್ನು ಬಿಟ್ಟುಬಿಡುವುದು ಸಹಜ. ಇದು ವ್ಯಕ್ತಿಯ ದೋಷವಲ್ಲ, ಕೆಲಸದ ಸ್ವಭಾವ. ಯಂತ್ರಕ್ಕೆ ಬೇಸರವಿಲ್ಲ.

ಪರೀಕ್ಷೆಗಳಿಲ್ಲದ ಹಳೆಯ ತಂತ್ರಾಂಶಗಳಲ್ಲಿ ಇನ್ನೊಂದು ಸಮಸ್ಯೆಯೂ ಉಂಟು. ಅದನ್ನು ಬರೆದವರು ಬೇರೆ ಉದ್ಯೋಗಕ್ಕೆ ಹೋಗಿರುತ್ತಾರೆ. ಒಳಗಿನ ಮರ್ಮ ಯಾರಿಗೂ ತಿಳಿದಿರುವುದಿಲ್ಲ. ಮುಟ್ಟಿದರೆ ಏನು ಕೆಡುತ್ತದೋ ಎಂಬ ಅಂಜಿಕೆಯಿಂದ ಯಾರೂ ಅದನ್ನು ಮುಟ್ಟುವುದಿಲ್ಲ. ಮುಟ್ಟದೆ ಬಿಟ್ಟದ್ದು ಇನ್ನಷ್ಟು ಜಟಿಲವಾಗುತ್ತ ಹೋಗುತ್ತದೆ. ಉತ್ತಮ ಪರೀಕ್ಷೆಗಳಿದ್ದರೆ ಹೊಸಬರೂ ಧೈರ್ಯವಾಗಿ ತಿದ್ದಬಲ್ಲರು, ತಪ್ಪಿದರೆ ಅದು ಕೂಡಲೇ ತಿಳಿಯುತ್ತದೆ. ಹೊರಗಿನ ವರ್ತನೆಯನ್ನು ಬದಲಿಸದೆ ಒಳರಚನೆಯನ್ನು ಮಾತ್ರ ಸುಧಾರಿಸುವ ರಿಫ್ಯಾಕ್ಟರಿಂಗ್ ಎಂಬ ಕೆಲಸವಂತೂ ಪರೀಕ್ಷೆಗಳ ಆಸರೆಯಿಲ್ಲದೆ ಸುರಕ್ಷಿತವಾಗಿ ನಡೆಯಲಾರದು. ತಂತ್ರಾಂಶದಿಂದ ಏನನ್ನು ನಿರೀಕ್ಷಿಸಲಾಗಿತ್ತು ಎಂಬುದಕ್ಕೆ ಪರೀಕ್ಷೆಗಳೇ ಲಿಖಿತ ದಾಖಲೆಯೂ ಆಗುತ್ತವೆ.

ಒಂದು ಉದಾಹರಣೆ

ಕನ್ನಡ ಪದವೊಂದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸುವ ಕ್ರಮವಿಧಿಯೊಂದನ್ನು ಬರೆಯಬೇಕಾಗಿದೆ ಎಂದು ಭಾವಿಸಬಹುದು. ಪದಬಂಧ ರಚಿಸುವ ತಂತ್ರಾಂಶಕ್ಕೆ ಇಂತಹ ಎಣಿಕೆ ಬೇಕಾಗುತ್ತದೆ. ಒತ್ತಕ್ಷರಗಳು ಸೇರಿ ಒಂದೇ ಅಕ್ಷರವೆಂದೂ, ಪದದ ನಡುವೆ ಅಥವಾ ಕೊನೆಯಲ್ಲಿ ಬಿಡಿಯಾಗಿ ನಿಲ್ಲುವ ಅರ್ಧವ್ಯಂಜನವೂ ಒಂದು ಅಕ್ಷರವೆಂದೂ ನಿಯಮ ಇಟ್ಟುಕೊಳ್ಳಲಾಗಿದೆ. ಮೊದಲ ಪರೀಕ್ಷೆ ಹೀಗೆ: 'ಕನ್ನಡ' ಎಂಬ ಪದ ಕೊಟ್ಟರೆ 3 ಎಂಬ ಉತ್ತರ ಬರಬೇಕು.

ಯುನಿಕೋಡ್ ಪದ್ಧತಿಯಲ್ಲಿ 'ಕನ್ನಡ' ಎಂಬ ಪದವು ಐದು ಸಂಕೇತಗಳಾಗಿ ಸಂಗ್ರಹವಾಗಿರುತ್ತದೆ: ಕ, ನ, ವಿರಾಮ ಚಿಹ್ನೆ, ನ, ಡ. ಸಂಕೇತಗಳನ್ನು ಸುಮ್ಮನೆ ಎಣಿಸಿದರೆ ಉತ್ತರ 5; ಪರೀಕ್ಷೆ ಅನುತ್ತೀರ್ಣ. ಗುಣಿತ ಚಿಹ್ನೆ, ಅನುಸ್ವಾರ, ವಿರಾಮಗಳನ್ನು ಬಿಟ್ಟು ಎಣಿಸಿದರೆ 4, ಮತ್ತೆ ಅನುತ್ತೀರ್ಣ. ವಿರಾಮದ ಬೆನ್ನಿಗೇ ಬರುವ ಸಂಕೇತವನ್ನೂ ಬಿಟ್ಟಾಗ 3 ಬರುತ್ತದೆ. 'ಸೂರ್ಯ' ಎಂಬುದಕ್ಕೆ 2, 'ಬ್ಯಾಂಕ್‌ನಲ್ಲಿ' ಎಂಬುದಕ್ಕೆ 4 (ಬ್ಯಾಂ, ಕ್, ನ, ಲ್ಲಿ) ಎಂಬ ಇನ್ನೆರಡು ಪರೀಕ್ಷೆಗಳಲ್ಲಿಯೂ ಈ ಕ್ರಮವಿಧಿ ಉತ್ತೀರ್ಣವಾಗುತ್ತದೆ.

ಕೆಲವು ತಿಂಗಳುಗಳ ನಂತರ ಬಳಕೆದಾರರೊಬ್ಬರಿಂದ ದೂರು ಬರುತ್ತದೆ: 'ರ‍್ಯಾಂಕ್' ಎಂಬ ಪದಕ್ಕೆ 2 ಬರಬೇಕಾದ ಕಡೆ 3 ಬರುತ್ತಿದೆ. ಕಾರಣ ಹುಡುಕಿದರೆ, 'ಸೂರ್ಯ' ಪದದಲ್ಲಿರುವಂತೆ ರಕಾರವು ಅರ್ಕಾವತ್ತಾಗಿ ಬದಲಾಗದೆ ಪೂರ್ಣರೂಪದಲ್ಲಿಯೇ ಉಳಿಯಲೆಂದು ಅಲ್ಲಿ ಝೀರೋ ವಿಡ್ತ್ ಜಾಯಿನರ್ ಎಂಬ ಅದೃಶ್ಯ ಸಂಕೇತವನ್ನು ಸೇರಿಸಿರುತ್ತಾರೆ. ಕಣ್ಣಿಗೆ ಕಾಣದ ಆ ಸಂಕೇತವನ್ನು ಕ್ರಮವಿಧಿಯು ಒಂದು ಅಕ್ಷರವೆಂದು ಎಣಿಸಿದೆ. ರಚನಕಾರರು 'ರ‍್ಯಾಂಕ್' ಎಂಬುದಕ್ಕೆ 2 ಎಂಬ ಹೊಸ ಪರೀಕ್ಷೆಯನ್ನು ಮೊದಲು ಸೇರಿಸಿ, ಬಳಿಕ ಸುಲಭದ ದಾರಿ ಹಿಡಿಯುತ್ತಾರೆ: ಎಣಿಕೆಗೆ ಮುಂಚೆ ಎಲ್ಲ ಅದೃಶ್ಯ ಸಂಕೇತಗಳನ್ನೂ ಅಳಿಸಿಬಿಡುವುದು. ಹೊಸ ಪರೀಕ್ಷೆ ಉತ್ತೀರ್ಣವಾಗುತ್ತದೆ.

ಆದರೆ ಹಳೆಯ ಪರೀಕ್ಷೆಯೊಂದು ಈಗ ಅನುತ್ತೀರ್ಣವಾಗುತ್ತದೆ. 'ಬ್ಯಾಂಕ್‌ನಲ್ಲಿ' ಎಂಬ ಪದದಲ್ಲಿ ಕಕಾರಕ್ಕೆ ನಕಾರವು ಒತ್ತಾಗಿ ಅಂಟಿಕೊಳ್ಳದಂತೆ ತಡೆಯುವ ಝೀರೋ ವಿಡ್ತ್ ನಾನ್ ಜಾಯಿನರ್ ಎಂಬ ಇನ್ನೊಂದು ಅದೃಶ್ಯ ಸಂಕೇತ ಇರುತ್ತದೆ. ಅದನ್ನೂ ಅಳಿಸಿದ್ದರಿಂದ ಕಕಾರ ನಕಾರಗಳು ಸಂಯುಕ್ತಾಕ್ಷರವಾಗಿ, ಉತ್ತರ 4ರ ಬದಲು 3 ಆಗಿದೆ. ತಿದ್ದುಪಡಿ ಮಾಡುತ್ತಿದ್ದವರ ಗಮನವೆಲ್ಲ ರಕಾರದ ಮೇಲಿತ್ತು, ಕೈಯಾರೆ ಪರಿಶೀಲಿಸಿದ್ದರೆ ಅವರು 'ರ‍್ಯಾಂಕ್' ಪದವನ್ನಷ್ಟೇ ನೋಡಿ ತೃಪ್ತಿಪಡುತ್ತಿದ್ದರು. ಹಳೆಯ ಪರೀಕ್ಷೆ ಇದ್ದುದರಿಂದ ತಪ್ಪು ಬಳಕೆದಾರರನ್ನು ತಲುಪುವ ಮೊದಲೇ ಸಿಕ್ಕಿಬಿದ್ದಿತು. ಮೊದಲನೆಯ ಬಗೆಯ ಸಂಕೇತವನ್ನು ಮಾತ್ರ ಅಳಿಸಿ ಎರಡನೆಯದನ್ನು ಉಳಿಸಿಕೊಂಡರೆ ನಾಲ್ಕೂ ಪರೀಕ್ಷೆಗಳು ಉತ್ತೀರ್ಣವಾಗುತ್ತವೆ.

ಇತಿಹಾಸ

ಗಣಕಯಂತ್ರಗಳ ಆರಂಭಕಾಲದಲ್ಲಿ ಕ್ರಮವಿಧಿಯನ್ನು ಬರೆಯುವುದು, ಅದರ ದೋಷ ನಿವಾರಿಸುವುದು, ಪರೀಕ್ಷಿಸುವುದು ಇವುಗಳ ನಡುವೆ ಸ್ಪಷ್ಟ ಗೆರೆ ಇರಲಿಲ್ಲ. 1969ರಲ್ಲಿ ರೋಮ್ ನಗರದಲ್ಲಿ ನಡೆದ ನೇಟೋ ಸಮ್ಮೇಳನದಲ್ಲಿ ಡಚ್ ಗಣಕವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅವರು ಪರೀಕ್ಷೆಯು ದೋಷಗಳು ಇವೆಯೆಂದು ತೋರಿಸಬಲ್ಲದೇ ಹೊರತು ಇಲ್ಲವೆಂದು ತೋರಿಸಲಾರದು ಎಂಬ ಅಭಿಪ್ರಾಯವನ್ನು ಮುಂದಿಟ್ಟರು. 1979ರಲ್ಲಿ ಗ್ಲೆನ್‌ಫರ್ಡ್ ಮೈಯರ್ಸ್ ಅವರು ತಂತ್ರಾಂಶ ಪರೀಕ್ಷೆಯನ್ನು ಕುರಿತ ತಮ್ಮ ಪುಸ್ತಕದಲ್ಲಿ, ತಪ್ಪು ಹುಡುಕುವ ಸಂಕಲ್ಪದಿಂದಲೇ ಪರೀಕ್ಷೆ ನಡೆಸಬೇಕೆಂದು ವಾದಿಸಿದರು. ಎಲ್ಲವೂ ಸರಿಯಿದೆಯೆಂದು ತೋರಿಸುವ ಮನಸ್ಸಿನಿಂದ ಹೊರಟವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ ಎಂಬುದು ಇದರ ಹಿಂದಿನ ತಿಳಿವು.

ಪರೀಕ್ಷೆ ಬರೆಯುವ ಕೆಲಸವನ್ನು ರಚನಕಾರರ ದಿನನಿತ್ಯದ ರೂಢಿಯಾಗಿಸಿದವರಲ್ಲಿ ಅಮೆರಿಕದ ಕೆಂಟ್ ಬೆಕ್ ಪ್ರಮುಖರು. ಅವರು ಸ್ಮಾಲ್‌ಟಾಕ್ ಭಾಷೆಗಾಗಿ ರಚಿಸಿದ ಎಸ್‌ಯೂನಿಟ್ ಎಂಬ ಸಣ್ಣ ಚೌಕಟ್ಟನ್ನು 1994ರಲ್ಲಿ ವಿವರಿಸಿದರು. 1997ರಲ್ಲಿ ಎರಿಕ್ ಗಾಮಾ ಅವರೊಡನೆ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ವಿಮಾನದಲ್ಲಿ ಪ್ರಯಾಣಿಸುವಾಗ ಜಾವಾ ಭಾಷೆಗಾಗಿ ಜೆಯೂನಿಟ್‌ನ ಮೊದಲ ರೂಪವನ್ನು ಬರೆದರು. ಎಲ್ಲ ಪರೀಕ್ಷೆಗಳೂ ಉತ್ತೀರ್ಣವಾದರೆ ಹಸಿರು ಪಟ್ಟಿ, ಒಂದು ತಪ್ಪಿದರೂ ಕೆಂಪು ಪಟ್ಟಿ ಎಂಬ ಅದರ ಸರಳ ಸೂಚನೆ ಬಹಳ ಜನಪ್ರಿಯವಾಯಿತು. ಮುಂದೆ ಹೆಚ್ಚುಕಡಿಮೆ ಎಲ್ಲ ಪ್ರಮುಖ ಭಾಷೆಗಳಿಗೂ ಇಂತಹ ಚೌಕಟ್ಟುಗಳು ಬಂದವು. ಮೊದಲು ಪರೀಕ್ಷೆ, ನಂತರ ತಂತ್ರಾಂಶ ಎಂಬ ಕ್ರಮವನ್ನು ಬೆಕ್ ಅವರೇ ಪ್ರಚುರಪಡಿಸಿದರು. ಮೇಲಿನ ಉದಾಹರಣೆಯಲ್ಲಿ 'ರ‍್ಯಾಂಕ್' ಪದದ ಪರೀಕ್ಷೆಯನ್ನು ತಿದ್ದುಪಡಿಗೆ ಮೊದಲೇ ಬರೆದದ್ದು ಈ ಕ್ರಮವನ್ನು ಅನುಸರಿಸಿಯೇ. ಜಾಲತಾಣಗಳನ್ನು ಬ್ರೌಸರ್ ಮೂಲಕವೇ ಪರೀಕ್ಷಿಸುವ ಸೆಲೆನಿಯಮ್ ಎಂಬ ಸಾಧನವನ್ನು ಜೇಸನ್ ಹಗಿನ್ಸ್ 2004ರಲ್ಲಿ ಆರಂಭಿಸಿದರು.

ಬಗೆಗಳು ಮತ್ತು ನಡೆಯುವ ರೀತಿ

ಒಂದು ಸಣ್ಣ ಭಾಗವನ್ನಷ್ಟೇ ಪ್ರತ್ಯೇಕವಾಗಿ ಪರಿಶೀಲಿಸುವುದು ಘಟಕ ಪರೀಕ್ಷೆ. ಹಲವು ಭಾಗಗಳು ಪರಸ್ಪರ ಹೊಂದಿಕೊಂಡು ನಡೆಯುತ್ತವೆಯೇ ಎಂದು ನೋಡುವುದು ಸಂಯೋಜನಾ ಪರೀಕ್ಷೆ. ಬಳಕೆದಾರರು ಮಾಡುವಂತೆಯೇ ಗುಂಡಿ ಒತ್ತಿ, ನಮೂನೆ ತುಂಬಿ, ಕೊನೆಯ ಫಲಿತಾಂಶದವರೆಗೆ ನೋಡುವುದು ಆದ್ಯಂತ ಪರೀಕ್ಷೆ. ಮೊದಲನೆಯವು ಕ್ಷಣಮಾತ್ರದಲ್ಲಿ ಮುಗಿಯುತ್ತವೆ ಮತ್ತು ತಪ್ಪು ಎಲ್ಲಿದೆಯೆಂದು ನಿಖರವಾಗಿ ತೋರಿಸುತ್ತವೆ. ಕೊನೆಯವು ನಿಧಾನ, ದುಬಾರಿ ಮತ್ತು ಸಣ್ಣ ಕಾರಣಕ್ಕೂ ಮುರಿಯುವಂಥವು. ಆದ್ದರಿಂದ ಘಟಕ ಪರೀಕ್ಷೆಗಳು ಬಹಳವಾಗಿ, ಆದ್ಯಂತ ಪರೀಕ್ಷೆಗಳು ಕೆಲವೇ ಆಗಿ ಇರಬೇಕೆಂಬ ಸಲಹೆಯನ್ನು ಮೈಕ್ ಕೋನ್ ಅವರು ಪಿರಮಿಡ್ ಚಿತ್ರದ ಮೂಲಕ ಕೊಟ್ಟರು.

ಇನ್ನೊಂದು ಬಗೆಯ ಪರೀಕ್ಷೆಯ ಹುಟ್ಟು ಸ್ವಾರಸ್ಯಕರವಾದುದು. 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಅವರು ಬಿರುಮಳೆಯ ರಾತ್ರಿಯೊಂದರಲ್ಲಿ ದೂರವಾಣಿ ತಂತಿಯ ಮೂಲಕ ಗಣಕಯಂತ್ರವನ್ನು ಬಳಸುತ್ತಿದ್ದಾಗ, ತಂತಿಯ ಗದ್ದಲದಿಂದ ನುಸುಳಿದ ಅರ್ಥಹೀನ ಅಕ್ಷರಗಳಿಗೇ ಒಳ್ಳೆಯ ತಂತ್ರಾಂಶಗಳು ಕುಸಿದುಬಿದ್ದವು. ಅದೇ ಗದ್ದಲವನ್ನು ಉದ್ದೇಶಪೂರ್ವಕವಾಗಿ ಸೃಷ್ಟಿಸಿ ತಂತ್ರಾಂಶಕ್ಕೆ ಉಣಿಸುವ ಪ್ರಯೋಗವನ್ನು ಅವರು ತಮ್ಮ ವಿದ್ಯಾರ್ಥಿಗಳಿಗೆ ವಹಿಸಿದರು. ಫಜ್ ಪರೀಕ್ಷೆ ಎಂಬ ಹೆಸರು ಅಲ್ಲಿಂದ ಬಂದಿತು.

ಪರೀಕ್ಷೆಗಳನ್ನು ಬರೆದಿಟ್ಟು ನಡೆಸದಿದ್ದರೆ ಪ್ರಯೋಜನವಿಲ್ಲ. ಯಾರಾದರೂ ಹೊಸ ತಿದ್ದುಪಡಿ ಸಲ್ಲಿಸಿದ ಕೂಡಲೇ ಎಲ್ಲ ಪರೀಕ್ಷೆಗಳನ್ನೂ ತಾನಾಗಿ ನಡೆಸಿ ಫಲಿತಾಂಶ ತಿಳಿಸುವ ಏರ್ಪಾಡು ಈಗ ಸಾಮಾನ್ಯ. ಇದನ್ನು ನಿರಂತರ ಸಂಯೋಜನೆ ಎನ್ನುತ್ತಾರೆ; ಜೆಂಕಿನ್ಸ್ ಈ ಕೆಲಸಕ್ಕೆ ಬಳಸುವ ಪ್ರಸಿದ್ಧ ಸಾಧನಗಳಲ್ಲೊಂದು. ವಿಕಿಪೀಡಿಯದ ಪುಟಗಳನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶಕ್ಕೆ ಸಲ್ಲಿಸುವ ತಿದ್ದುಪಡಿಗಳು ಕೂಡ ಇಂತಹ ಪರೀಕ್ಷೆಗಳನ್ನು ದಾಟಿಯೇ ಒಳಗೆ ಬರುತ್ತವೆ. ಜಗತ್ತಿನ ಯಾವ ಮೂಲೆಯ ಸ್ವಯಂಸೇವಕರು ಬೇಕಾದರೂ ತಿದ್ದುಪಡಿ ಕಳುಹಿಸಬಹುದಾದ ಯೋಜನೆಗೆ ಈ ಕಾವಲು ಅನಿವಾರ್ಯವೆನ್ನಬಹುದು.

ಪರೀಕ್ಷೆ ಮಾಡದೆ ಬಿಟ್ಟ ಎರಡು ಪ್ರಕರಣಗಳು

1996ರ ಜೂನ್ 4ರಂದು ಐರೋಪ್ಯ ರಾಷ್ಟ್ರಗಳ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ, ಮೇಲೇರಿದ ಒಂದು ನಿಮಿಷದೊಳಗೇ ಪಥ ತಪ್ಪಿ ನಾಶವಾಯಿತು. ಅದರಲ್ಲಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹೋದವು. ದಿಕ್ಕನ್ನು ಅಳೆಯುವ ಉಪಕರಣದ ತಂತ್ರಾಂಶವನ್ನು ಏರಿಯಾನ್ 4ರಿಂದ ಹಾಗೆಯೇ ತೆಗೆದುಕೊಳ್ಳಲಾಗಿತ್ತು. ಅದರಲ್ಲಿ 64 ಬಿಟ್‌ಗಳ ಸಂಖ್ಯೆಯೊಂದನ್ನು 32,767ಕ್ಕಿಂತ ದೊಡ್ಡದನ್ನು ಹಿಡಿಯಲಾರದ 16 ಬಿಟ್‌ಗಳ ಪೂರ್ಣಾಂಕವಾಗಿ ಪರಿವರ್ತಿಸುವ ಹಂತವಿತ್ತು. ಹಳೆಯ ರಾಕೆಟ್ಟಿನ ಪಥದಲ್ಲಿ ಆ ಸಂಖ್ಯೆ ಎಂದೂ ಅಷ್ಟು ಬೆಳೆಯುತ್ತಿರಲಿಲ್ಲ. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. ಸಂಖ್ಯೆ ಮಿತಿ ಮೀರಿತು, ಉಪಕರಣ ಸ್ಥಗಿತವಾಯಿತು. ಅದೇ ತಂತ್ರಾಂಶವಿದ್ದ ಬದಲಿ ಉಪಕರಣವೂ ಅದೇ ಕಾರಣಕ್ಕೆ ನಿಂತಿತು. ಈ ಉಪಕರಣವನ್ನು ಏರಿಯಾನ್ 5ರ ಪಥದ ಅಂಕಿಗಳಿಂದ ಪರೀಕ್ಷಿಸಿರಲಿಲ್ಲ ಎಂಬುದನ್ನು ತನಿಖಾ ಮಂಡಳಿ ಎತ್ತಿ ತೋರಿಸಿತು. ತಂತ್ರಾಂಶದ ಒಂದು ಸಾಲೂ ಬದಲಾಗದೆ, ಅದರ ಸುತ್ತಲಿನ ಜಗತ್ತು ಬದಲಾದಾಗಲೂ ಮರುಪರೀಕ್ಷೆ ಬೇಕಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಎರಡನೆಯದು ಅಮೆರಿಕದ ಷೇರುಪೇಟೆಯದು. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಎಂಬ ಸಂಸ್ಥೆಯ ತಂತ್ರಾಂಶವು ಸುಮಾರು 45 ನಿಮಿಷಗಳಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ವಹಿವಾಟುಗಳನ್ನು ತಪ್ಪಾಗಿ ನಡೆಸಿ, 46 ಕೋಟಿ ಡಾಲರ್‌ಗಳಿಗೂ ಮಿಕ್ಕಿ ನಷ್ಟ ತಂದಿತು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಆವೃತ್ತಿಯನ್ನು ಹಾಕದೆ ಬಿಟ್ಟಿದ್ದರು. ಅದರಲ್ಲಿ ಉಳಿದಿದ್ದ, 2003ರಿಂದ ಬಳಸದೆ ಬಿಟ್ಟಿದ್ದ ಹಳೆಯ ಭಾಗವೊಂದು ಆ ಬೆಳಗ್ಗೆ ಎಚ್ಚೆತ್ತುಕೊಂಡಿತು. ಕೇಳಿದಷ್ಟು ಷೇರು ಕೊಂಡಾದ ಮೇಲೆ ನಿಲ್ಲಿಸು ಎಂದು ಹೇಳುವ ಎಣಿಕೆಯ ಭಾಗವನ್ನು 2005ರಲ್ಲಿ ಬೇರೆಡೆಗೆ ಸರಿಸಲಾಗಿತ್ತು. ಆ ಬದಲಾವಣೆಯ ನಂತರ ಹಳೆಯ ಭಾಗವನ್ನು ಮರುಪರೀಕ್ಷೆ ಮಾಡಿರಲಿಲ್ಲವೆಂದು ಅಮೆರಿಕದ ಷೇರು ನಿಯಂತ್ರಣ ಆಯೋಗ ತನ್ನ ಆದೇಶದಲ್ಲಿ ದಾಖಲಿಸಿದೆ. ಏಳು ವರ್ಷ ಮಲಗಿದ್ದ ತಪ್ಪು ಮುಕ್ಕಾಲು ಗಂಟೆಯಲ್ಲಿ ಸಂಸ್ಥೆಯನ್ನು ದಿವಾಳಿಯ ಅಂಚಿಗೆ ತಂದಿತು. ಸರ್ವರ್‌ಗಳಿಗೆ ಆವೃತ್ತಿ ಹಾಕುವಾಗ ಆದ ಲೋಪವನ್ನು ಮಾತ್ರ ಯಾವ ಘಟಕ ಪರೀಕ್ಷೆಯೂ ಹಿಡಿಯುತ್ತಿರಲಿಲ್ಲ. ಅದಕ್ಕೆ ಬೇರೆ ಬಗೆಯ ತಪಾಸಣೆ ಬೇಕಿತ್ತು ಎಂಬುದನ್ನೂ ಗಮನಿಸಬೇಕು.

ಎಸ್‌ಕ್ಯೂಲೈಟ್

ಪರೀಕ್ಷೆಗೆ ಹೆಸರಾದ ತಂತ್ರಾಂಶಗಳಲ್ಲಿ ಎಸ್‌ಕ್ಯೂಲೈಟ್ ಮುಖ್ಯವಾದುದು. ರಿಚರ್ಡ್ ಹಿಪ್ ಅವರು 2000ದಲ್ಲಿ ಆರಂಭಿಸಿದ ಈ ದತ್ತಾಂಶ ಸಂಗ್ರಾಹಕವು ಆಂಡ್ರಾಯ್ಡ್ ಫೋನ್‌ಗಳಲ್ಲಿಯೂ ಐಫೋನ್‌ಗಳಲ್ಲಿಯೂ ಬ್ರೌಸರ್‌ಗಳಲ್ಲಿಯೂ ಅಡಗಿದೆ. 2023ರ 3.42.0 ಆವೃತ್ತಿಯಲ್ಲಿ ಅದರ ಮೂಲ ಸಂಕೇತ ಸುಮಾರು 1,55,800 ಸಾಲುಗಳು. ಅದನ್ನು ಪರೀಕ್ಷಿಸುವ ಸಂಕೇತ ಅದರ 590 ಪಟ್ಟು, ಅಂದರೆ ಒಂಬತ್ತು ಕೋಟಿ ಸಾಲುಗಳಿಗೂ ಹೆಚ್ಚು. ದೋಷವೊಂದು ವರದಿಯಾದರೆ, ಅದನ್ನು ಮತ್ತೆ ತೋರಿಸಬಲ್ಲ ಪರೀಕ್ಷೆಯನ್ನು ಸೇರಿಸುವವರೆಗೆ ಆ ದೋಷ ಸರಿಯಾಯಿತೆಂದು ಆ ಯೋಜನೆಯವರು ಪರಿಗಣಿಸುವುದಿಲ್ಲ. ಒಮ್ಮೆ ಹೋದ ದೋಷ ಮತ್ತೆ ಬರಬಾರದೆಂಬುದು ಇದರ ಆಶಯ. ಕೆಲವೇ ಜನರ ತಂಡವೊಂದು ಇಷ್ಟು ವ್ಯಾಪಕವಾದ ತಂತ್ರಾಂಶವನ್ನು ಬದಲಿಸುತ್ತ ಸಾಗಲು ಸಾಧ್ಯವಾಗಿರುವುದು ಈ ಶಿಸ್ತಿನಿಂದಲೇ.

ಮಿತಿಗಳು

ಪರೀಕ್ಷೆ ನಡೆಯುವಾಗ ತಂತ್ರಾಂಶದ ಎಷ್ಟು ಭಾಗ ಚಾಲನೆಗೊಂಡಿತು ಎಂಬ ಅಳತೆಗೆ ಕವರೇಜ್ ಎಂದು ಹೆಸರು. ಎಸ್‌ಕ್ಯೂಲೈಟ್‌ನ ಪ್ರಮುಖ ಭಾಗಕ್ಕೆ ಈ ಅಳತೆಯು ಬಹು ಕಠಿಣವಾದ ಮಾನದಂಡದಲ್ಲಿಯೂ ನೂರಕ್ಕೆ ನೂರು ಇದೆ. ಆದರೂ 2015ರಲ್ಲಿ ಮೈಕಲ್ ಝಲೆವ್‌ಸ್ಕಿ ಎಂಬ ಭದ್ರತಾ ತಜ್ಞರು ತಮ್ಮ ಫಜ್ ಪರೀಕ್ಷಾ ಸಾಧನದಿಂದ ಅದರಲ್ಲಿ ಹಲವು ದೋಷಗಳನ್ನು ಕಂಡುಹಿಡಿದರು. ಒಂದು ಸಾಲು ಚಾಲನೆಗೊಂಡಿತು ಎಂದ ಮಾತ್ರಕ್ಕೆ ಅದು ಎಲ್ಲ ಸಂದರ್ಭಗಳಲ್ಲೂ ಸರಿಯೆಂದಲ್ಲ. ಕವರೇಜ್ ಶೇಕಡಾವಾರನ್ನೇ ಗುರಿಯಾಗಿಟ್ಟುಕೊಂಡ ತಂಡಗಳಲ್ಲಿ, ಸಾಲುಗಳನ್ನು ಓಡಿಸಿ ಉತ್ತರವನ್ನು ಮಾತ್ರ ಹೋಲಿಸದ ಪರೀಕ್ಷೆಗಳು ಹುಟ್ಟಿಕೊಳ್ಳುವುದುಂಟು. ಅಂಕಕ್ಕಾಗಿಯೇ ಓದುವ ವಿದ್ಯಾರ್ಥಿಗಳ ಓದಿಗೆ ಇದನ್ನು ಹೋಲಿಸಬಹುದು.

ನಿರೀಕ್ಷಿತ ಉತ್ತರವೇ ತಪ್ಪಾಗಿದ್ದರೆ ಪರೀಕ್ಷೆಯು ತಪ್ಪನ್ನೇ ಕಾಯುತ್ತ ಕೂರುತ್ತದೆ. ತಂತ್ರಾಂಶವನ್ನು ಬರೆದವರೇ ಪರೀಕ್ಷೆಯನ್ನೂ ಬರೆದಾಗ ಒಂದೇ ತಪ್ಪು ತಿಳಿವಳಿಕೆ ಎರಡರಲ್ಲೂ ಸೇರಿಕೊಳ್ಳುವ ಸಂಭವ ಹೆಚ್ಚು. ತಂತ್ರಾಂಶದಲ್ಲಿ ಏನೂ ಬದಲಾಗದಿದ್ದರೂ ಒಮ್ಮೆ ಉತ್ತೀರ್ಣ, ಮತ್ತೊಮ್ಮೆ ಅನುತ್ತೀರ್ಣ ಎಂದು ಹೇಳುವ ಚಂಚಲ ಪರೀಕ್ಷೆಗಳು ಇನ್ನೊಂದು ತೊಡಕು. ಸಮಯ, ಜಾಲದ ಸಂಪರ್ಕ, ಪರೀಕ್ಷೆಗಳು ನಡೆಯುವ ಅನುಕ್ರಮ ಇವುಗಳನ್ನು ಅವಲಂಬಿಸಿದ ಪರೀಕ್ಷೆಗಳು ಹೀಗಾಗುತ್ತವೆ. ಕೆಂಪು ದೀಪ ಸುಮ್ಮನೆ ಉರಿಯುತ್ತದೆ ಎಂದು ತಂಡದವರು ನಿರ್ಲಕ್ಷಿಸತೊಡಗಿದರೆ, ನಿಜವಾದ ದೋಷ ಬಂದ ದಿನವೂ ಯಾರೂ ತಿರುಗಿ ನೋಡುವುದಿಲ್ಲ. ಚಂಚಲ ಪರೀಕ್ಷೆಯನ್ನು ಸರಿಪಡಿಸಬೇಕು, ಆಗದಿದ್ದರೆ ತೆಗೆದುಹಾಕಬೇಕು. ಇಟ್ಟುಕೊಂಡಿರುವುದು ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಪರೀಕ್ಷೆಗಳನ್ನು ಬರೆಯಲೂ ಕಾಲಕಾಲಕ್ಕೆ ತಿದ್ದಲೂ ಶ್ರಮ ಬೇಕು. ಒಮ್ಮೆ ಬಳಸಿ ಬಿಸಾಡುವ ಪುಟ್ಟ ಕ್ರಮವಿಧಿಗೆ ಆ ಶ್ರಮ ಹೊರೆಯೇ ಸರಿ.

ಕನ್ನಡ ತಂತ್ರಾಂಶಗಳಲ್ಲಿ

ಭಾರತೀಯ ಲಿಪಿಗಳ ಜೋಡಣೆ ಜಟಿಲವಾದುದರಿಂದ ಅವುಗಳಿಗೆ ಸ್ವಯಂಚಾಲಿತ ಪರೀಕ್ಷೆಯ ಅಗತ್ಯ ಹೆಚ್ಚು. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಮೊದಲಾದವುಗಳಲ್ಲಿ ಅಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಭಾರತೀಯ ಲಿಪಿಗಳಿಗೆ ಸಿದ್ಧಗೊಳಿಸುವಾಗ, ಕನ್ನಡವೂ ಸೇರಿದಂತೆ ಹಲವು ಭಾಷೆಗಳ ವಿಕಿಪೀಡಿಯಗಳಿಂದ ಹೆಕ್ಕಿದ ಲಕ್ಷಾಂತರ ಪದಗಳನ್ನು ಬಳಸಿಕೊಂಡು, ಅದರ ಜೋಡಣೆಯನ್ನು ಮೈಕ್ರೋಸಾಫ್ಟ್‌ನ ಯೂನಿಸ್ಕ್ರೈಬ್ ಜೋಡಣೆಯೊಡನೆ ಹೋಲಿಸಿ ನೋಡಲಾಯಿತು. ಪ್ರತಿ ತಿದ್ದುಪಡಿಯ ನಂತರ ಯಾವ ಭಾಷೆಯ ಎಷ್ಟು ಪದಗಳು ಹೊಂದಲಿಲ್ಲ ಎಂಬ ಎಣಿಕೆ ಸಿಗುತ್ತಿದ್ದುದರಿಂದ, ಬಂಗಾಳಿಗಾಗಿ ಮಾಡಿದ ತಿದ್ದುಪಡಿಯಿಂದ ಕನ್ನಡದ ಒತ್ತಕ್ಷರ ಕೆಟ್ಟರೆ ಅದು ಕೂಡಲೇ ತಿಳಿಯುತ್ತಿತ್ತು. ಕನ್ನಡ ಬಾರದ ರಚನಕಾರರು ಕನ್ನಡವನ್ನು ಕೆಡಿಸದೆ ಕೆಲಸ ಮಾಡಲು ಇದರಿಂದ ಸಾಧ್ಯವಾಯಿತು.

ವಿಕಿಮೀಡಿಯ ಯೋಜನೆಗಳಲ್ಲಿ ಟೈಪಿಸಲು ಬಳಸುವ ಜೆಕ್ವೆರಿ ಐಎಂಇ ತಂತ್ರಾಂಶದಲ್ಲಿಯೂ, ಇಂತಿಂಥ ಕೀಲಿಗಳನ್ನು ಒತ್ತಿದರೆ ಇಂತಿಂಥ ಅಕ್ಷರ ಮೂಡಬೇಕು ಎಂಬ ಜೋಡಿಗಳ ಪಟ್ಟಿಯ ರೂಪದಲ್ಲಿ ಪರೀಕ್ಷೆಗಳಿವೆ. ಇಂತಹ ಪಟ್ಟಿಗೆ ಹೊಸ ಪದಗಳನ್ನು ಸೇರಿಸಲು ಕ್ರಮವಿಧಿ ರಚನೆಯ ಆಳವಾದ ಜ್ಞಾನ ಬೇಕಿಲ್ಲ. ಭಾಷೆಯನ್ನು ಬಲ್ಲವರು, ಯಾವ ಪದ ಹೇಗೆ ಕಾಣಬೇಕೆಂದು ತಿಳಿದವರು ಈ ಕೆಲಸದಲ್ಲಿ ನೆರವಾಗಬಹುದು.

ಮನುಷ್ಯರ ಪರೀಕ್ಷೆ

ಸ್ವಯಂಚಾಲಿತ ಪರೀಕ್ಷೆ ಬಂದ ಮೇಲೆ ಕೈಯಾರೆ ಪರೀಕ್ಷಿಸುವವರ ಕೆಲಸ ಮುಗಿಯಿತೆಂಬ ಮಾತು ಬೆಂಗಳೂರಿನಂತಹ ತಂತ್ರಾಂಶ ಕೇಂದ್ರಗಳಲ್ಲಿ ಆಗಾಗ ಕೇಳಿಬರುತ್ತದೆ. ಅದು ಪೂರ್ತಿ ನಿಜವಲ್ಲ. ಕೇಳಿದ ಪ್ರಶ್ನೆಗೆ ಮಾತ್ರ ಯಂತ್ರವು ಉತ್ತರ ತಿದ್ದುತ್ತದೆ, ಯಾರೂ ಕೇಳದ ಪ್ರಶ್ನೆಯನ್ನು ಕೇಳಲು ಮನುಷ್ಯರೇ ಬೇಕು. ಗುಂಡಿ ಇರಬೇಕಾದ ಜಾಗದಲ್ಲಿದೆಯೇ, ಬರಹ ವಯಸ್ಸಾದವರಿಗೆ ಓದಲು ಬರುವಂತಿದೆಯೇ, ಕನ್ನಡದ ಅನುವಾದ ಕನ್ನಡದಂತಿದೆಯೇ ಎಂಬುದನ್ನು ಬಳಸಿ ನೋಡಿದವರೇ ಹೇಳಬಲ್ಲರು. ಹೀಗೆ ಮನುಷ್ಯರು ಕಂಡುಹಿಡಿದ ಪ್ರತಿ ದೋಷವನ್ನೂ ಒಂದು ಹೊಸ ಸ್ವಯಂಚಾಲಿತ ಪರೀಕ್ಷೆಯಾಗಿ ಬರೆದಿಟ್ಟು, ಅದನ್ನು ಮತ್ತೆ ಮತ್ತೆ ನೋಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು ಬಹುತೇಕ ತಂಡಗಳಲ್ಲಿ ಇಂದು ನಡೆಯುತ್ತಿರುವ ಪದ್ಧತಿ.